ಸಂಜೆ ಏಳರ ವಾಟರ್ಲೂ

1830ರಲ್ಲಿ ಬ್ರಸೆಲ್ಸ್‌ನಿಂದ ಶಾರ್ಲರುವಾಗೆ ಹೋಗುವ ಹೆದ್ದಾರಿಯ ಮಗ್ಗುಲಿನ ಒಂದು ಒಕ್ಕಲುಮನೆಗೆ ಬ್ರಿಟಿಷ್ ಸೇನೆಯ ಲೆಫ್ಟಿನೆಂಟ್ ಒಬ್ಬ ಬಂದು ಬಿಡಾರ ಹೂಡಿದ. ವಿಲಿಯಂ ಸೈಬೋರ್ನ್ ಎಂದು ಹೆಸರು, ಮೂವತ್ತು ದಾಟಿದ ವಯಸ್ಸು. ಎಂಟು ತಿಂಗಳು ಅಲ್ಲೇ ಉಳಿದು ಸುತ್ತಲಿನ ಹೊಲ, ಬದು, ತಗ್ಗು, ದಿಣ್ಣೆ ಎಲ್ಲವನ್ನೂ ಅಳೆದು ಕಾಗದಕ್ಕಿಳಿಸಿದ. ಮನೆಯ ಹೆಸರು ಲಾ ಹೇ ಸಾಂತ್. ಹದಿನೈದು ವರ್ಷಗಳ ಹಿಂದೆ, 1815ರ ಜೂನ್ 18ರ ಭಾನುವಾರ, ವಾಟರ್ಲೂ ಕಾಳಗದಲ್ಲಿ ಎರಡು ಸೇನೆಗಳ ನಡುವೆ ಸಿಕ್ಕಿ ಗುಂಡು ಬೆಂಕಿಗಳನ್ನುಂಡ ಕಟ್ಟಡ ಅದು.

ಸೈಬೋರ್ನ್ ಆ ಕಾಳಗದಲ್ಲಿ ಇರಲಿಲ್ಲ. ಅವನು ಫ್ರಾನ್ಸ್ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆದರೆ ನೆಲವನ್ನು ಅಳೆಯುವುದರಲ್ಲಿ, ನಕ್ಷೆ ಬರೆಯುವುದರಲ್ಲಿ ಅವನದು ಪಳಗಿದ ಕೈ. 1827ರಲ್ಲಿ ಆ ವಿಷಯದ ಮೇಲೆ ಒಂದು ಪುಸ್ತಕವನ್ನೂ ಬರೆದಿದ್ದ. ಬ್ರಿಟಿಷ್ ಸೇನೆಯ ದಂಡನಾಯಕ ಲಾರ್ಡ್ ಹಿಲ್ 1830ರಲ್ಲಿ ಅವನಿಗೊಂದು ಕೆಲಸ ಒಪ್ಪಿಸಿದ: ಇಡೀ ವಾಟರ್ಲೂ ಕಾಳಗದ ಮಾದರಿಯೊಂದನ್ನು ಕಟ್ಟಬೇಕು. ಮಾದರಿ ಕಟ್ಟುವುದು ಆ ಕಾಲದ ಸೈನ್ಯಗಳಿಗೆ ಹೊಸದೇನಲ್ಲ. ಫ್ರಾನ್ಸಿನಲ್ಲಿ ಹದಿನಾಲ್ಕನೆಯ ಲೂಯಿಯ ಯುದ್ಧಮಂತ್ರಿ ಲೂವ್ವಾ 1668ರಲ್ಲೇ ಗಡಿಕೋಟೆಗಳ ಮಾದರಿಗಳನ್ನು ಮಾಡಿಸಲು ಶುರುಮಾಡಿದ್ದ. ಆರುನೂರರಲ್ಲಿ ಒಂದು ಪಾಲಿನ ಅಳತೆಯಲ್ಲಿ ಮರ, ಕಾಗದ, ರೇಷ್ಮೆಯಿಂದ ಮಾಡಿದ ಆ ಊರುಗಳು ರಾಜ್ಯದ ಗುಟ್ಟು, ಕಂಡವರಿಗೆಲ್ಲ ತೋರಿಸುವಂಥವಲ್ಲ. ಅವು ಇಡಿಯಾಗಿ ನಿಂತ ಕೋಟೆಗಳು, ಮುಂದೆ ಎಂದಾದರೂ ಮುತ್ತಿಗೆ ಬಿದ್ದರೆ ಎಂಬ ಲೆಕ್ಕಾಚಾರಕ್ಕೆ ಮಾಡಿದವು. ಸೈಬೋರ್ನ್‌ಗೆ ಬಂದದ್ದು ಇದರ ತಿರುವುಮುರುವಾದ ಕೆಲಸ. ಏಟು ಬಿದ್ದಾಗಿದೆ, ಆ ಏಟಿನ ಹೊತ್ತನ್ನು ಮರಳಿ ಕಟ್ಟಬೇಕು.

ಏಟು ಎಂಥದ್ದು ಎಂಬುದನ್ನು ಲಾ ಹೇ ಸಾಂತ್ ಒಂದರಿಂದಲೇ ತಿಳಿಯಬಹುದು. ರಸ್ತೆಗೆ ಅಂಟಿದ ಗೋಡೆ, ಒಳಗೆ ಚೌಕನೆಯ ಅಂಗಳ, ಒಂದು ಬದಿಗೆ ವಾಸದ ಮನೆ, ಇನ್ನೊಂದು ಬದಿಗೆ ಲಾಯ, ಮತ್ತೊಂದು ಬದಿಗೆ ದೊಡ್ಡ ಕಣಜ, ನಡುವೆ ನೀರಿನ ಹೊಂಡ. ಹಿಂದಿನ ರಾತ್ರಿ ಜಡಿಮಳೆ. ನೆನೆದು ನಡುಗುತ್ತಿದ್ದ ಸೈನಿಕರು ಕೈಗೆ ಸಿಕ್ಕಿದ ಮರವನ್ನೆಲ್ಲ ಉರುವಲು ಮಾಡಿಕೊಂಡರು. ಕಣಜದ ಹೆಬ್ಬಾಗಿಲಿನ ಕದವೂ ಸೌದೆಯಾಯಿತು. ಬೆಳಿಗ್ಗೆ ಮನೆಯನ್ನು ಕಾಯುವ ಹೊಣೆ ಹೊತ್ತ ಮೇಜರ್ ಗೆಯೋರ್ಗ್ ಬಾರಿಂಗ್ ನೋಡಿದರೆ ಹೊಲದ ಕಡೆಗೆ ಬಾಯಿ ತೆರೆದುಕೊಂಡು ನಿಂತ ಕಣಜ. ಅವನ ಕೈಕೆಳಗೆ ಬ್ರಿಟಿಷ್ ಸೇನೆಯ ಕಿಂಗ್ಸ್ ಜರ್ಮನ್ ಲೀಜನ್ನಿನ ಎರಡನೆಯ ಲಘುಪಡೆಯ ಸುಮಾರು 400 ಮಂದಿ. ಗೋಡೆಯಲ್ಲಿ ತುಪಾಕಿ ಕಂಡಿ ಕೊರೆಯೋಣವೆಂದರೆ ಅವನ ಬಡಗಿಗಳನ್ನು ಊಗುಮೋಂ ಎಂಬ ಇನ್ನೊಂದು ಬಂಗಲೆಯ ಕಾವಲಿಗೆ ಕಳುಹಿಸಲಾಗಿತ್ತು. ಹಾರೆ ಗುದ್ದಲಿ ಹೊತ್ತ ಹೇಸರಗತ್ತೆ ಹಿಂದಿನ ದಿನವೇ ದಾರಿತಪ್ಪಿ ಹೋಗಿತ್ತು. ಒಂದು ಕೈಗೊಡಲಿ ಕೂಡ ಇರಲಿಲ್ಲ.

ಮಧ್ಯಾಹ್ನದಿಂದ ಫ್ರೆಂಚರು ಮತ್ತೆ ಮತ್ತೆ ಏರಿ ಬಂದರು. ಕದವಿಲ್ಲದ ಬಾಗಿಲಿನ ಮುಂದೆ ಬಿದ್ದ ಹೆಣಗಳೇ ಅಡ್ಡಗಟ್ಟೆಯಾದವು. ಕಣಜಕ್ಕೆ ಬೆಂಕಿ ಹತ್ತಿದಾಗ, ನೆರವಿಗೆ ಬಂದಿದ್ದ ನಾಸೌ ಸಂಸ್ಥಾನದ ಸೈನಿಕರ ಬೆನ್ನಿಗೆ ಕಟ್ಟಿದ್ದ ದೊಡ್ಡ ಅಡುಗೆ ಹಂಡೆಗಳು ಕೈಗೆ ಬಂದವು. ಅಂಗಳದ ಹೊಂಡದಿಂದ ನೀರು ಮೊಗೆದು, ಗುಂಡುಗಳ ನಡುವೆ ಓಡಿ ಬೆಂಕಿ ಆರಿಸಿದರು. ಮದ್ದುಗುಂಡು ಕಳಿಸಿ ಎಂದು ಬಾರಿಂಗ್ ಹಲವು ಬಾರಿ ಹೇಳಿ ಕಳುಹಿಸಿದ, ಬರಲಿಲ್ಲ. ಸಂಜೆ ಆರರ ಸುಮಾರಿಗೆ ತೋಟಾ ಖಾಲಿಯಾದಾಗ ಮನೆ ಫ್ರೆಂಚರ ವಶವಾಯಿತು. ಬಾರಿಂಗ್ ಜೊತೆ ಹೊರಬಂದವರು ನಲವತ್ತೆರಡು ಮಂದಿ.

ಸೈಬೋರ್ನ್ ಅಲ್ಲಿ ಇಳಿದುಕೊಂಡಾಗ ಇದರಲ್ಲಿ ಕಣ್ಣಿಗೆ ಕಾಣುವುದು ಹೆಚ್ಚು ಉಳಿದಿರಲಾರದು. ಒಕ್ಕಲು ಮಾಡುವವರಿಗೆ ಕಣಜಕ್ಕೆ ಕದ ಬೇಕು, ದನಕ್ಕೆ ಸೂರು ಬೇಕು. ಚರಿತ್ರೆಗಾಗಿ ಯಾರೂ ಸೂರನ್ನು ಸೋರಲು ಬಿಡುವುದಿಲ್ಲ. ನೆಲ ಕೂಡ ಹಿಂದಿನಂತಿರಲಿಲ್ಲ. ಡಚ್ ಅರಸು ತನ್ನ ಮಗನಿಗೆ ಗಾಯವಾದ ಜಾಗದ ನೆನಪಿಗೆ 1826ರ ಹೊತ್ತಿಗೆ ನಲವತ್ತು ಮೀಟರ್ ಎತ್ತರದ ಸಿಂಹದ ಗುಡ್ಡವನ್ನು ಎಬ್ಬಿಸಿದ್ದ. ಅದರ ಮಣ್ಣನ್ನು ತೆಗೆದದ್ದು ಲಾ ಹೇ ಸಾಂತ್ ಹತ್ತಿರದ ದಿಣ್ಣೆಯಿಂದಲೇ. ಬ್ರಿಟಿಷ್ ಸಾಲು ಮರೆಯಾಗಿ ನಿಂತಿದ್ದ ಏರು ಹೀಗೆ ಸ್ಮಾರಕಕ್ಕೆ ಮಣ್ಣಾಗಿ ಹೋಗಿತ್ತು. ಇದ್ದುದನ್ನು ಅಳೆಯಬಹುದು, ಇಲ್ಲವಾದುದನ್ನು?

ಅದಕ್ಕೆ ಸೈಬೋರ್ನ್ ಹುಡುಕಿದ ದಾರಿ ಅಂಚೆ. ಕಾಳಗದಲ್ಲಿ ಬದುಕುಳಿದ ಅಧಿಕಾರಿಗಳಿಗೆಲ್ಲ ಅವನು ಸುತ್ತೋಲೆ ಬರೆದ, ಜೊತೆಗೊಂದು ನಕ್ಷೆಯನ್ನೂ ಇಟ್ಟ. ಪ್ರಶ್ನೆಗಳು ಖಚಿತ: ಸಂಜೆ ಸುಮಾರು ಏಳು ಗಂಟೆಗೆ, ನೆಪೋಲಿಯನ್ನನ ಇಂಪೀರಿಯಲ್ ಗಾರ್ಡ್ ನಮ್ಮ ದಿಣ್ಣೆಯ ನೆತ್ತಿಯನ್ನು ಮುಟ್ಟಿದಾಗ, ನಿಮ್ಮ ಪಡೆ ಯಾವ ವಿನ್ಯಾಸದಲ್ಲಿತ್ತು? ಎದುರಿಗಿದ್ದ ಶತ್ರು ಹೇಗೆ ನಿಂತಿದ್ದ? ನಕ್ಷೆಯ ಮೇಲೆ ಗುರುತು ಮಾಡಿ ಕಳಿಸುವಿರಾ? ನಿಮ್ಮ ಸುತ್ತಲಿನ ಹೊಲದಲ್ಲಿ ಯಾವ ಬೆಳೆ ಇತ್ತು?

ಕೊನೆಯ ಪ್ರಶ್ನೆಯಲ್ಲಿ ಕಸುಬುದಾರ ಕಾಣುತ್ತಾನೆ. ಯುದ್ಧದ ಕಥೆ ಬರೆಯುವವನಿಗೆ ಬೆಳೆ ಯಾವುದಾದರೇನು, ಹೊಲ ಎಂದರೆ ಸಾಕು. ಮಾದರಿ ಕಟ್ಟುವವನು ಆ ಜಾಗದಲ್ಲಿ ಏನಾದರೂ ಅಂಟಿಸಲೇಬೇಕು. ಆಳೆತ್ತರದ ರೈ ಪೈರಿಗೂ ಮೊಣಕಾಲೆತ್ತರದ ಹುಲ್ಲಿಗೂ ಬಣ್ಣ ಬೇರೆ, ಎತ್ತರ ಬೇರೆ. ಕುದುರೆಗಳು ತುಳಿದ ಮೇಲೆ ಅದರ ಅವತಾರವೇ ಬೇರೆ.

ಉತ್ತರಗಳು ಬಂದವು, ಸುಮಾರು ಏಳುನೂರು. ಒಂದಕ್ಕೊಂದು ತಾಳೆಯಾಗದಿರುವುದೂ ಅವುಗಳಲ್ಲಿ ಬೇಕಾದಷ್ಟಿತ್ತು. ಹೊಗೆಯಲ್ಲಿ ನಿಂತವನಿಗೆ ತನ್ನ ಎಡಬಲದ ಇಪ್ಪತ್ತು ಗಜ ಕಂಡರೆ ಹೆಚ್ಚು. ಹದಿನೈದಿಪ್ಪತ್ತು ವರ್ಷಗಳಲ್ಲಿ ಆ ಇಪ್ಪತ್ತು ಗಜವೂ ಊಟದ ಮೇಜಿನ ಕಥೆಯಾಗಿ ಸವೆದು ನುಣುಪಾಗಿತ್ತು. ತಮ್ಮ ತಮ್ಮ ರೆಜಿಮೆಂಟೇ ಕಾಳಗ ಗೆದ್ದದ್ದು ಎಂಬುದರಲ್ಲಿ ಮಾತ್ರ ಯಾರಿಗೂ ಅನುಮಾನವಿರಲಿಲ್ಲ. ಆದರೂ ಒಂದು ಕಾಳಗದ ಬಗ್ಗೆ ಅದರಲ್ಲಿ ಪಾಲ್ಗೊಂಡವರನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ, ಒಂದೇ ಪ್ರಶ್ನಾವಳಿ ಹಿಡಿದು ಕೇಳಿದ್ದು ಆ ಕಾಲಕ್ಕೆ ಅಪರೂಪದ ಸಾಹಸ.

ಡಬ್ಲಿನ್‌ನಲ್ಲಿ ನೌಕರಿ ಮಾಡುತ್ತ ಅವನು ಮಾದರಿ ಕಟ್ಟಿದ. ಅಳತೆ ಒಂದು ಮೈಲಿಗೆ ಒಂಬತ್ತು ಅಡಿ, ಎಂದರೆ ಲೂವ್ವಾನ ಕೋಟೆಗಳ ಹಾಗೇ ಸುಮಾರು ಆರುನೂರರಲ್ಲಿ ಒಂದು ಪಾಲು. ಮುಗಿದಾಗ ಅದು 400 ಚದರಡಿಗೆ ಹತ್ತಿರದ ನೆಲ, ಅದರ ಮೇಲೆ ತವರ-ಸೀಸದ 75,000 ಬೊಂಬೆಗಳು. ಇಷ್ಟು ಸಣ್ಣ ಅಳತೆಯಲ್ಲಿ ಮೂರು ಮೀಟರಿನ ಹೆಬ್ಬಾಗಿಲು ಐದು ಮಿಲಿಮೀಟರ್ ಆಗುತ್ತದೆ. ಕದ ಇತ್ತೋ ಇಲ್ಲವೋ ಎಂಬುದು ಒಂದು ಚುಕ್ಕಿ ಕಪ್ಪು ಬಣ್ಣದ ವಿಷಯ. ಆದರೆ ಸಂಜೆ ಏಳು ಎಂದು ಹೊತ್ತು ಗೊತ್ತುಮಾಡಿದ ಮೇಲೆ ಲಾ ಹೇ ಸಾಂತ್ ಒಳಗೆ ಇರಬೇಕಾದವರು ಫ್ರೆಂಚರೇ. ಊಗುಮೋಂ ಬಂಗಲೆ ಆ ವೇಳೆಗೆ ಸುಟ್ಟು ಗೋಡೆಗಳಷ್ಟೇ ಉಳಿದಿರಬೇಕು, ಪ್ರಾರ್ಥನಾಮಂದಿರ ಮಾತ್ರ ಬಚಾವಾಗಿರಬೇಕು. ಬಲಗಡೆ ದೂರದಲ್ಲಿ, ಫ್ರೆಂಚರ ಪಕ್ಕೆಗೆ, ಪ್ಲಾಂಸೆನ್ವಾ ಹಳ್ಳಿಯಲ್ಲಿ ಬ್ರಿಟಿಷರ ಮಿತ್ರರಾದ ಪ್ರಷ್ಯನ್ನರು ದಂಡಿಯಾಗಿ ನುಗ್ಗಿರಬೇಕು. ತೊಡಕು ಶುರುವಾದದ್ದು ಇಲ್ಲಿಂದ.

ಅದಕ್ಕೆ ಮುಂಚೆ ದುಡ್ಡಿನ ತೊಡಕು. ಸರ್ಕಾರ ಕೆಲವು ನೂರು ಪೌಂಡು ಕೊಟ್ಟು 1833ರಲ್ಲಿ ಕೈತೊಳೆದುಕೊಂಡಿತು. ಒಟ್ಟು ಖರ್ಚು 3,000 ಪೌಂಡಿನ ಹತ್ತಿರ. ಸೈಬೋರ್ನ್ ಸಾಲ ಮಾಡಿದ. 1838ರ ಅಕ್ಟೋಬರಿನಲ್ಲಿ ಲಂಡನ್ನಿನ ಪಿಕಡಿಲಿಯ ಈಜಿಪ್ಷಿಯನ್ ಹಾಲ್‌ನಲ್ಲಿ ಮಾದರಿ ಪ್ರದರ್ಶನಕ್ಕೆ ಬಂತು. ತಲೆಗೊಂದು ಶಿಲ್ಲಿಂಗ್ ಕೊಟ್ಟು ಸುಮಾರು ಒಂದು ಲಕ್ಷ ಜನ ನೋಡಿದರು. ಲೆಕ್ಕದ ಪ್ರಕಾರ 5,000 ಪೌಂಡ್ ಆಗಬೇಕು. ಆದರೆ ಸೈಬೋರ್ನ್‌ನ ಸಾಲ ಮಾತ್ರ ತೀರಲಿಲ್ಲ.

ಕಾಳಗದಲ್ಲಿ ಬ್ರಿಟಿಷ್ ಸೇನೆಯನ್ನು ನಡೆಸಿದ್ದ ವೆಲ್ಲಿಂಗ್ಟನ್ ಡ್ಯೂಕ್‌ಗೆ ಮಾದರಿ ಹಿಡಿಸಲಿಲ್ಲ. ಪ್ರಷ್ಯನ್ನರು ಅಷ್ಟು ಹೊತ್ತಿಗೆ ಅಷ್ಟು ಮುಂದೆ, ಅಷ್ಟು ಸಂಖ್ಯೆಯಲ್ಲಿ ನಿಂತಿದ್ದರೆಂದು ತೋರಿಸಿದರೆ, ಗೆಲುವಿನಲ್ಲಿ ಅವರ ಪಾಲು ಬೊಂಬೆಗಳ ಲೆಕ್ಕದಲ್ಲೇ ಎದ್ದು ಕಾಣುತ್ತದೆ. ವರ್ಷಗಳ ಪತ್ರವ್ಯವಹಾರ, ಒಳಗೊಳಗಿನ ಒತ್ತಡ ಎಲ್ಲ ಆದ ಮೇಲೆ ಸೈಬೋರ್ನ್ ಮಣಿದ. ಪ್ರಷ್ಯನ್ ಬೊಂಬೆಗಳಲ್ಲಿ ಬಹುಪಾಲನ್ನು ಕಿತ್ತು ತೆಗೆದ. ಡ್ಯೂಕನೇ ಅವನನ್ನು ಹಣಿದನೆಂದು ಒಂದು ಪಂಗಡದ ಇತಿಹಾಸಕಾರರು ಬರೆದಿದ್ದಾರೆ, ಇನ್ನೊಂದು ಪಂಗಡ ಅದನ್ನು ಒಪ್ಪಿಲ್ಲ. ಜಗಳ ಇನ್ನೂ ಮುಗಿದಿಲ್ಲ.

ಆದರೆ ಡ್ಯೂಕ್ ಎತ್ತಿದ ಒಂದು ಆಕ್ಷೇಪವನ್ನು ಅವನ ಸ್ವಾರ್ಥದ ಖಾತೆಗೆ ಹಾಕಿ ತಳ್ಳಿಬಿಡುವಂತಿಲ್ಲ. ಚಿತ್ರವಾಗಲಿ ಮಾದರಿಯಾಗಲಿ ಕಾಳಗದ ಒಂದು ಕ್ಷಣವನ್ನಷ್ಟೇ ತೋರಿಸಬಲ್ಲದು. ಇದೋ ಇಡೀ ದಿನವನ್ನೇ ತೋರಿಸುವಂತಿದೆ. ಪ್ರತಿಯೊಂದು ಪಡೆಯೂ ತಾನೇ ಆರಿಸಿಕೊಂಡ ಜಾಗದಲ್ಲಿ ನಿಂತಿದೆ. ನೋಡಿದವರು ಎಲ್ಲರೂ ಒಂದೇ ಹೊತ್ತಿಗೆ ಬಡಿದಾಡುತ್ತಿದ್ದರೆಂದು ನಂಬಬೇಕಾಗುತ್ತದೆ ಎಂಬರ್ಥದಲ್ಲಿ ಅವನು ಬರೆದ. ಏಳುನೂರು ಉತ್ತರಗಳಲ್ಲಿ ಏಳು ಗಂಟೆ ಎಂಬುದು ಏಳುನೂರು ಬಗೆಯ ಏಳು ಗಂಟೆ. ಒಬ್ಬನ ಗಡಿಯಾರ ಇನ್ನೊಬ್ಬನದಕ್ಕಿಂತ ಅರ್ಧ ಗಂಟೆ ಹಿಂದೆ. ಪೆಟ್ಟು ತಿಂದ ಕಟ್ಟಡವನ್ನು ಕಟ್ಟಹೊರಟ ಯಾರಿಗಾದರೂ ಇದು ಮೊದಲ ಪ್ರಶ್ನೆ, ಇಟ್ಟಿಗೆ ಬಣ್ಣಗಳ ಪ್ರಶ್ನೆ ಆಮೇಲೆ: ಯಾವ ಗಂಟೆಯ ಕಟ್ಟಡ? ಬೆಂಕಿ ಹತ್ತುವ ಮುಂಚಿನದೋ, ಆರಿಸಿದ ಮೇಲಿನದೋ?

ಇದೇ ಡ್ಯೂಕ್ ಕನ್ನಡದ ನೆಲಕ್ಕೆ ಹಳೆಯ ಪರಿಚಿತ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದ ಮೇಲೆ ಅಲ್ಲಿನ ಆಡಳಿತ ಹೊತ್ತವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಮುಂದೆ ವೆಲ್ಲಿಂಗ್ಟನ್ ಆದವನು ಅವನೇ. ಅವನು ವಾಸವಿದ್ದದ್ದು ಟಿಪ್ಪುವಿನ ದರಿಯಾ ದೌಲತ್ ಬಾಗ್‌ನಲ್ಲಿ. ಅದರ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕಾಳಗದ ದೊಡ್ಡ ಚಿತ್ರವಿದೆ. ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೈಲಿಯ ಇಂಗ್ಲಿಷ್ ಪಡೆಯನ್ನು ಪುಡಿಗಟ್ಟಿದ ದೃಶ್ಯ ಅದು. ಮುತ್ತಿಗೆಗೆ ಮುಂಚೆ ಕೆಟ್ಟುಹೋಗಿದ್ದ ಆ ಚಿತ್ರವನ್ನು ಸರಿಪಡಿಸಿದವನು ವೆಲ್ಲೆಸ್ಲಿ. ಮತ್ತೆ ಮಾಸಿದ ಅದನ್ನು 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಇನ್ನೊಮ್ಮೆ ಬರೆಸಿದ. ತನ್ನವರ ಸೋಲಿನ ಚಿತ್ರಕ್ಕೆ ಬಣ್ಣ ತುಂಬಿಸಿದವನಿಗೆ ತನ್ನ ಗೆಲುವಿನ ಮಾದರಿಯಲ್ಲಿ ಮಿತ್ರರ ಬೊಂಬೆಗಳು ಹೆಚ್ಚಾದವು. ಬೈಲಿಯ ಸೋಲು ಅವನದಲ್ಲವಲ್ಲ!

ಶ್ರೀರಂಗಪಟ್ಟಣದ ಸೀಳಿದ ಕೋಟೆಯೂ ಲಂಡನ್ನಿನಲ್ಲಿ ಪ್ರದರ್ಶನಕ್ಕಿತ್ತು. ರಾಬರ್ಟ್ ಕೆರ್ ಪೋರ್ಟರ್ ಎಂಬ ಯುವ ಚಿತ್ರಕಾರ 1800ರಲ್ಲಿ ಲೈಸಿಯಂ ಸಭಾಂಗಣದಲ್ಲಿ 120 ಅಡಿ ಉದ್ದದ ಅರೆವೃತ್ತದ ಬಟ್ಟೆಯ ಮೇಲೆ ಆ ಮುತ್ತಿಗೆಯನ್ನು ಬರೆದು ನಿಲ್ಲಿಸಿದ. ಬರೆಯಲು ಹಿಡಿದದ್ದು ಆರು ವಾರ. ಅವನು ಕಾವೇರಿಯನ್ನಾಗಲಿ ಕೋಟೆಯನ್ನಾಗಲಿ ಕಂಡವನಲ್ಲ. ಜನ ಮುಗಿಬಿದ್ದು ನೋಡಿದರು. ಎಂಟು ತಿಂಗಳು ಸ್ಥಳದಲ್ಲೇ ಕೂತು ಎಂಟು ವರ್ಷ ದುಡಿದ ಸೈಬೋರ್ನ್‌ನನ್ನು ಇವನ ಪಕ್ಕದಲ್ಲಿಟ್ಟು ನೋಡಿದರೆ ಪ್ರದರ್ಶನದ ಮಾರುಕಟ್ಟೆಗೆ ಎಂಥ ಸರಕು ಒಗ್ಗುತ್ತದೆ ಎಂಬುದು ತಿಳಿಯುತ್ತದೆ.

ಸೈಬೋರ್ನ್ ಬುದ್ಧಿ ಕಲಿಯಲಿಲ್ಲ, ಅದು ನಮ್ಮ ಅದೃಷ್ಟ. ಮತ್ತೊಂದು ಮಾದರಿಗೆ ಕೈಹಾಕಿದ. ಈ ಸಲ ಇಡೀ ರಣರಂಗವಲ್ಲ, ಲಾ ಹೇ ಸಾಂತ್ ಸುತ್ತಲಿನ ಒಂದು ತುಣುಕು ಮಾತ್ರ. ಹೊತ್ತು ಮಧ್ಯಾಹ್ನ ಎರಡರ ಆಸುಪಾಸು, ಬ್ರಿಟಿಷ್ ಭಾರಿ ಕುದುರೆದಳ ಇಳಿಜಾರಿನಲ್ಲಿ ನುಗ್ಗಿದ ಗಳಿಗೆ. ಅಳತೆ ಒಂದು ಅಂಗುಲಕ್ಕೆ ಹದಿನೈದು ಅಡಿ, ಎಂದರೆ ನೂರೆಂಬತ್ತರಲ್ಲಿ ಒಂದು ಪಾಲು. ಆಳೆತ್ತರದ ಮನುಷ್ಯ ಇಲ್ಲಿ ಒಂದು ಸೆಂಟಿಮೀಟರ್, ಹಿಂದೆ ಐದು ಮಿಲಿಮೀಟರ್ ಇದ್ದ ಬಾಗಿಲು ಈಗ ಹದಿನೇಳು. ಚುಕ್ಕಿ ಬಣ್ಣದಲ್ಲಿ ತೇಲಿಸಿಬಿಡುವಂತಿಲ್ಲ. ಕದ, ಕಿಟಕಿ, ಹೆಂಚಿನ ಸಾಲು ಎಲ್ಲಕ್ಕೂ ಲೆಕ್ಕ ಒಪ್ಪಿಸಬೇಕು. ಒಂದೇ ಮನೆ ಒಬ್ಬನದೇ ಕೈಯಿಂದ ಎರಡು ಸಲ ಮೂಡಿತು: ಏಳರ ಮನೆಯಲ್ಲಿ ಫ್ರೆಂಚರು, ಎರಡರ ಮನೆಯಲ್ಲಿ ಇನ್ನೂ ಬಾರಿಂಗ್‌ನ ಜರ್ಮನ್ನರು.

ಈ ಮಾದರಿಯೂ ದುಡ್ಡು ತರಲಿಲ್ಲ. 1844ರಲ್ಲಿ ಪತ್ರಗಳನ್ನೆಲ್ಲ ಬಳಸಿ ಅವನು ಎರಡು ಸಂಪುಟಗಳ ಯುದ್ಧಚರಿತ್ರೆ ಬರೆದ; ಅದೇ ಅವನಿಗೆ ಹೆಸರು ತಂದದ್ದು. 1849ರಲ್ಲಿ ತೀರಿಕೊಂಡ. ದೊಡ್ಡ ಮಾದರಿ ಇಂದು ಲಂಡನ್ನಿನ ಚೆಲ್ಸಿಯ ರಾಷ್ಟ್ರೀಯ ಸೇನಾ ಸಂಗ್ರಹಾಲಯದಲ್ಲಿದೆ, ಎರಡನೆಯದು ಲೀಡ್ಸ್‌ನ ರಾಯಲ್ ಆರ್ಮರೀಸ್‌ನಲ್ಲಿ. ಒಂದೇ ಮನೆಯ ಎರಡು ಹೊತ್ತುಗಳನ್ನು ನೋಡಬೇಕಾದರೆ ರೈಲು ಹತ್ತಬೇಕು.

ಇಪ್ಪತ್ತನೆಯ ಶತಮಾನದಲ್ಲಿ ಈ ಕಸುಬು ವಿಚಿತ್ರ ತಿರುವುಗಳನ್ನು ಕಂಡಿತು. ಮೊದಲ ಮಹಾಯುದ್ಧದಲ್ಲಿ, 1917ರ ಜೂನ್ 7ರಂದು, ನ್ಯೂಜಿಲೆಂಡಿನ ಪಡೆ ಬೆಲ್ಜಿಯಮಿನ ಮೆಸೀನ್ ಹಳ್ಳಿಯನ್ನು ಗೆದ್ದುಕೊಂಡಿತು. ಅಷ್ಟರಲ್ಲಿ ಹಳ್ಳಿಯೆಂಬುದು ಕಲ್ಲುಗುಪ್ಪೆಯಾಗಿತ್ತು. ಮರುವರ್ಷ ಇಂಗ್ಲೆಂಡಿನ ಕ್ಯಾನಕ್ ಚೇಸ್ ಬಯಲಿನ ತರಬೇತಿ ಶಿಬಿರದಲ್ಲಿ ಅದೇ ಪಡೆಯವರು ಆ ಊರಿನ ಕಂದಕ, ರಸ್ತೆ, ಮುರಿದ ಮನೆಗಳನ್ನೆಲ್ಲ ಕಾಂಕ್ರೀಟಿನಲ್ಲಿ, ಐವತ್ತರಲ್ಲಿ ಒಂದು ಪಾಲಿನ ಅಳತೆಯಲ್ಲಿ ನೆಲದ ಮೇಲೇ ಮಾಡಿಸಿದರು. ಕೆಲಸಕ್ಕೆ ಹಚ್ಚಿದ್ದು ಜರ್ಮನ್ ಯುದ್ಧಕೈದಿಗಳನ್ನು. ತಮ್ಮವರು ಕಾದು ಸೋತ ಊರಿನ ಅವಶೇಷವನ್ನು ಸೋತವರ ಕೈಯಿಂದಲೇ ಕಟ್ಟಿಸಿದ್ದು. ಕಾಲಾಂತರದಲ್ಲಿ ಅದರ ಮೇಲೆ ಹುಲ್ಲು, ಪೊದೆ ಬೆಳೆದು ಮುಚ್ಚಿಹೋಯಿತು. 2013ರಲ್ಲಿ ಪುರಾತತ್ತ್ವಜ್ಞರು ಅದನ್ನು ಅಗೆದು ತೆಗೆದು, ಲೇಸರ್‌ನಲ್ಲಿ ಅಳೆದು ದಾಖಲಿಸಿ, ಹಾಳಾಗದಿರಲೆಂದು ಮತ್ತೆ ಮಣ್ಣು ಮುಚ್ಚಿದರು.

ಎರಡನೆಯ ಮಹಾಯುದ್ಧದಲ್ಲಿ ಮಾದರಿಯೇ ಗಾಯಗೊಂಡ ಕಟ್ಟಡವಾಯಿತು. ಜರ್ಮನಿಯ ಮ್ಯೋನೆ ಅಣೆಕಟ್ಟನ್ನು ಒಡೆಯಲು ಎಷ್ಟು ಮದ್ದು ಬೇಕು, ಎಲ್ಲಿ ಇಡಬೇಕು ಎಂದು ತಿಳಿಯಲು ಲಂಡನ್ನಿನ ಹೊರವಲಯದ ಗಾರ್ಸ್ಟನ್‌ನ ಕಟ್ಟಡ ಸಂಶೋಧನಾ ಕೇಂದ್ರದಲ್ಲಿ 1940-41ರ ಚಳಿಗಾಲದಲ್ಲಿ ಅದರ ಐವತ್ತರಲ್ಲೊಂದು ಪಾಲಿನ ಅಣೆಕಟ್ಟನ್ನು ಕಟ್ಟಿದರು. ಅಷ್ಟು ಪುಟ್ಟ ಗಾರೆ ಇಟ್ಟಿಗೆಗಳನ್ನು ಒಂದೊಂದಾಗಿ ಜೋಡಿಸಿ ಎಬ್ಬಿಸಿದ್ದು ಒಡೆಯುವುದಕ್ಕಾಗಿ. ಅಲ್ಲಿಂದ ಕಲಿತದ್ದನ್ನು ವೇಲ್ಸ್‌ನ ನಾಂತ್-ಇ-ಗ್ರೋ ಎಂಬ ಹಳೆಯ ಅಣೆಯ ಮೇಲೆ 1942ರಲ್ಲಿ ಪ್ರಯೋಗಿಸಿ ನೋಡಿದರು. 1943ರ ಮೇ 16ರ ರಾತ್ರಿ ಹೊರಟ ಲ್ಯಾಂಕಾಸ್ಟರ್ ವಿಮಾನಗಳು ನಿಜವಾದ ಮ್ಯೋನೆಯನ್ನು ಒಡೆದವು. ಅದರ ಗೋಡೆಯ ಒಡಕನ್ನು ಜರ್ಮನ್ನರು ಅದೇ ವರ್ಷ ಕಟ್ಟಿ ಮುಚ್ಚಿದರು. ಗಾರ್ಸ್ಟನ್‌ನ ಪುಟ್ಟ ಅಣೆಕಟ್ಟಿನ ಗಾಯವನ್ನು ಯಾರೂ ಮುಚ್ಚಲಿಲ್ಲ. ಅದು ಇಂದಿಗೂ ಹಾಗೇ ಇದೆ, ರಕ್ಷಿತ ಸ್ಮಾರಕವಾಗಿ.

ಯುದ್ಧದ ಇನ್ನೊಂದು ದಡದಲ್ಲಿ, ಫ್ರಾಂಕ್‌ಫರ್ಟ್ ನಗರದಲ್ಲಿ, ಹೆರ್ಮನ್ ಮತ್ತು ರಾಬರ್ಟ್ ಟ್ರಾಯ್ನರ್ ಎಂಬ ಅಣ್ಣತಮ್ಮಂದಿರು 1920ರ ದಶಕದಿಂದ ತಮ್ಮ ಹಳೇಪೇಟೆಯ ಮಾದರಿಯನ್ನು ಇನ್ನೂರರಲ್ಲೊಂದು ಪಾಲಿಗೆ ಮಾಡುತ್ತ ಕೂತಿದ್ದರು. ಮನೆ ಮನೆಗೆ ಹೋಗಿ ಅಳೆದು, ಓಣಿ ಓಣಿಯಾಗಿ ಕೆಲಸ ಸಾಗಿತ್ತು. ಮಾದರಿ ಮುಗಿಯುವ ಮೊದಲೇ 1944ರ ಮಾರ್ಚಿನ ಬಾಂಬ್ ದಾಳಿಗಳಲ್ಲಿ ಹಳೇಪೇಟೆ ಸುಟ್ಟುಹೋಯಿತು. ಅವರು ಕೆಲಸ ನಿಲ್ಲಿಸಲಿಲ್ಲ; ಇಲ್ಲದ ಊರಿನ ಉಳಿದ ಮನೆಗಳನ್ನು ಯುದ್ಧ ಮುಗಿದು ಎಷ್ಟೋ ವರ್ಷದ ತನಕ ಕಟ್ಟಿದರು. ಹಳೇಪೇಟೆಯ ಒಂದು ಭಾಗವನ್ನು 2018ರ ಹೊತ್ತಿಗೆ ಮತ್ತೆ ಎಬ್ಬಿಸಲಾಗಿದೆ: 35 ಮನೆಗಳು, ಅವುಗಳಲ್ಲಿ 15 ಹಳೆಯವುಗಳ ಯಥಾಪ್ರತಿ. ಹನೋವರ್ ನಗರದವರು ಇನ್ನೂ ನೇರ. ಅಲ್ಲಿನ ಹೊಸ ನಗರಸಭಾ ಭವನದ ಹಜಾರದಲ್ಲಿ ನಾಲ್ಕು ಮಾದರಿಗಳಿವೆ: 1689ರ ಊರು, 1939ರ ಊರು, 1945ರ ಊರು, ಇಂದಿನ ಊರು. ಭವನಕ್ಕೆ ಬಂದವರು ಸೂರಿಲ್ಲದ ಗೋಡೆಗಳ ಆ ಮೂರನೆಯ ಊರನ್ನು ಹಾದೇ ಹೋಗುತ್ತಾರೆ.

ಇವು ಬಹುಮಟ್ಟಿಗೆ ಸರ್ಕಾರ, ಸೇನೆ, ನಗರಸಭೆಗಳ ಕೆಲಸ. ಊಟದ ಮೇಜಿನ ಮೇಲೆ ಹಳೇ ಪತ್ರಿಕೆ ಹಾಸಿಕೊಂಡು ಪಾಳುಮನೆ ಕಟ್ಟುವ ಹವ್ಯಾಸಿ ಬಂದದ್ದು ಪ್ಲಾಸ್ಟಿಕ್ಕಿನ ಜೊತೆಗೆ. ಜಪಾನಿನ ಟಾಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಮೋಟಾರು ಕೂರಿಸಿದ ಪ್ಯಾಂಥರ್ ಟ್ಯಾಂಕೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ಒಳಗೆ ಬ್ಯಾಟರಿ ಹಿಡಿಸುವಷ್ಟು ದೊಡ್ಡದಾಗಿ ಮಾಡಿದ ಮೇಲೆ ಅಳೆದರೆ ಅದು ಮೂವತ್ತೈದರಲ್ಲೊಂದು ಪಾಲು ಬಂತು. ಇಂದು ಜಗತ್ತಿನಾದ್ಯಂತ ಸೈನಿಕ ಮಾದರಿಗಳ ರೂಢಿಯ ಅಳತೆ ಅದೇ; ಹುಟ್ಟಿಸಿದ್ದು ಬ್ಯಾಟರಿ. ಟ್ಯಾಂಕ್ ಆಯಿತೆಂದರೆ ಅದಕ್ಕೆ ನಿಲ್ಲಲು ಬೀದಿ ಬೇಕು, ಬೀದಿಗೆ ಮನೆ ಬೇಕು, ಯುದ್ಧದ ಬೀದಿಯಾದ್ದರಿಂದ ಮನೆ ಒಡೆದಿರಬೇಕು. 1970ರ ದಶಕದಲ್ಲಿ ಶಿಕಾಗೋದ ಶೆಪ್ ಪೇನ್ ಮಾನೊಗ್ರಾಮ್ ಕಂಪನಿಯ ಕಿಟ್‌ಗಳೊಳಗೆ ಇಡುವ ಕರಪತ್ರಗಳಲ್ಲಿ ಇಂಥ ದೃಶ್ಯ ಕಟ್ಟುವ ಬಗೆಯನ್ನು ಹುಡುಗರಿಗೆ ಹೇಳಿಕೊಟ್ಟ. ಮುಂದೆ ಬೆಲ್ಜಿಯಮಿನ ಫ್ರಾಂಸ್ವಾ ವರ್ಲಿಂಡೆನ್ ಒಡೆದ ಗೋಡೆ, ಮುರಿದ ಕಮಾನುಗಳನ್ನು ಸಿದ್ಧರೂಪದಲ್ಲಿ ಮಾರಿ ಅದನ್ನೊಂದು ಉದ್ಯಮವನ್ನಾಗಿಸಿದ.

ಗೋಡೆ ಒಡೆಯುವುದಕ್ಕೂ ಕ್ರಮವಿದೆ. ಬಲ್ಲವರು ಮೊದಲು ಇಡೀ ಕಟ್ಟಡವನ್ನು ಕಾಗದದ ಮೇಲೆ ಪೂರ್ತಿ ಬರೆಯುತ್ತಾರೆ: ನೆಲಹಾಸು ಎಲ್ಲಿ, ತೊಲೆ ಯಾವ ದಿಕ್ಕಿಗೆ, ಮೆಟ್ಟಿಲು ಎಲ್ಲಿಂದ. ಆಮೇಲೆ ಸ್ಫೋಟವನ್ನು ಬರೆಯುತ್ತಾರೆ. ಬಿದ್ದದ್ದು ಎಲ್ಲಿಂದ ಬಿತ್ತು ಎಂಬುದಕ್ಕೆ ಮೇಲೆ ಗುರುತಿರಬೇಕು, ಮೇಲೆ ಇಲ್ಲವಾದದ್ದು ಕೆಳಗೆ ಎಲ್ಲಾದರೂ ಇರಬೇಕು. ಮೂರು ಮೀಟರ್ ಎತ್ತರ, ನಾಲ್ಕು ಮೀಟರ್ ಅಗಲ, ನಲವತ್ತು ಸೆಂಟಿಮೀಟರ್ ದಪ್ಪದ ಗೋಡೆ ಕುಸಿದರೆ ಹೆಚ್ಚುಕಡಿಮೆ ಐದು ಘನಮೀಟರ್ ಇಟ್ಟಿಗೆ. ಸಡಿಲವಾಗಿ ಬಿದ್ದು ಅರ್ಧದಷ್ಟು ಉಬ್ಬಿತೆಂದುಕೊಂಡರೆ ಏಳು. ಮೂವತ್ತೈದರಲ್ಲೊಂದು ಪಾಲಿಗೆ ಇಳಿಸಿದಾಗ ಅದು ಒಂದು ದೊಡ್ಡ ಟೀ ಲೋಟ ತುಂಬುವಷ್ಟು. ಎಳಸು ಕೈಗಳು ಗೋಡೆಯನ್ನು ಧಾರಾಳವಾಗಿ ಒಡೆದು, ಕೆಳಗೆ ಒಂದು ಚಮಚ ಪುಡಿ ಉದುರಿಸಿ ಮುಗಿಸುತ್ತವೆ. ಮನೆ ಒಡೆದು, ಯಾರೋ ಬಂದು ಗುಡಿಸಿಕೊಂಡು ಹೋದ ಹಾಗೆ ಕಾಣುತ್ತದೆ.

ಇಟ್ಟಿಗೆಯ ಅಳತೆ ಊರನ್ನು ಹೇಳುತ್ತದೆ. ಜರ್ಮನಿಯ ಹಳೆಯ ರಾಷ್ಟ್ರೀಯ ಇಟ್ಟಿಗೆಯ ಉದ್ದ 25 ಸೆಂಟಿಮೀಟರ್, ಮಾದರಿಯಲ್ಲಿ ಏಳು ಮಿಲಿಮೀಟರಿಗೆ ಸ್ವಲ್ಪ ಮೇಲೆ. ಭಾರತದ 19 ಸೆಂಟಿಮೀಟರಿನ ಮಾಡ್ಯುಲರ್ ಇಟ್ಟಿಗೆಯಾದರೆ ಐದೂವರೆಗೂ ಕಡಿಮೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಹಲಗೆಯಲ್ಲಿ ಸೂಜಿಯಿಂದ ಗೆರೆ ಕೊರೆದು, ಅದರ ಮೇಲೆ ತೆಳ್ಳಗೆ ಗಿಲಾವು ಹಚ್ಚಿ, ಗಿಲಾವನ್ನು ಚಕ್ಕೆಯಾಗಿ ಕಿತ್ತರೆ ಒಳಗಿನ ಇಟ್ಟಿಗೆ ಇಣುಕುತ್ತದೆ. ಇದು ಬಣ್ಣದಲ್ಲಿ ಬರೆದು ತರಬಹುದಾದ ಪರಿಣಾಮವಲ್ಲ. ತೊಲೆ, ಪಕಾಸಿ, ರೀಪುಗಳಿಗೆ ನಿಜವಾದ ಮರದ ಸೀಳುಗಳೇ ಆಗಬೇಕು, ಮತ್ತು ಅವನ್ನು ಕತ್ತರಿಸಬಾರದು, ಮುರಿಯಬೇಕು. ತುದಿ ಕತ್ತರಿಸಿದ ತೊಲೆಯನ್ನು ನೋಡಿದರೆ ಬಾಂಬು ಬಿತ್ತೆಂದು ಯಾರೂ ನಂಬುವುದಿಲ್ಲ. ಮಸಿ ಯಾವಾಗಲೂ ಕಿಟಕಿಯ ಮೇಲ್ಭಾಗಕ್ಕೆ, ಜ್ವಾಲೆ ಹೊರಬಂದು ನೆಕ್ಕಿದ ಕಡೆಗೆ. ಕೆಳಗೆ ಮಸಿ ಬಳಿದವನು ಉರಿಯುವ ಒಲೆಯನ್ನೇ ಸರಿಯಾಗಿ ನೋಡಿಲ್ಲ.

ಲಾ ಹೇ ಸಾಂತ್ ಕೂಡ ಈ ಮೇಜುಗಳಿಗೆ ಬಂತು. ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿ 1970ರ ದಶಕದಲ್ಲಿ ವಾಟರ್ಲೂ ಒಕ್ಕಲುಮನೆಯನ್ನು ಪ್ಲಾಸ್ಟಿಕ್ ಕಿಟ್ ಆಗಿ ಹೊರತಂದಿತು, ಕಾಳಗದ ಇನ್ನೂರನೆಯ ವರ್ಷವಾದ 2015ರಲ್ಲಿ ಸೈನಿಕರ ಜೊತೆ ಉಡುಗೊರೆ ಪೆಟ್ಟಿಗೆಯಲ್ಲಿಟ್ಟು ಮತ್ತೆ ಮಾರಿತು. ಈ ಮನೆಗೆ ಯುದ್ಧದ ಗುರುತು ಹಾಕಲು ಕೂತ ಹವ್ಯಾಸಿಗಳು ಬೇಡದ ಕಡೆ ಕೈಹಾಕುವುದುಂಟು: ಸೂರಿಗೆ ದೊಡ್ಡ ತೂತು, ಅಂಗಳದಲ್ಲಿ ಇಟ್ಟಿಗೆ ಗುಪ್ಪೆ. ಅದು 1944ರ ನಾರ್ಮಂಡಿಯ ಚಿತ್ರಗಳಿಂದ ಬಂದ ಅಭ್ಯಾಸ. 1815ರ ಫಿರಂಗಿಯ ಘನಗುಂಡು ಸಿಡಿಯುವುದಿಲ್ಲ, ತೂರುತ್ತದೆ. ಹನ್ನೆರಡು ಪೌಂಡಿನ ಗುಂಡಿನ ಅಡ್ಡಳತೆ ಸುಮಾರು ಹನ್ನೆರಡು ಸೆಂಟಿಮೀಟರ್, ಹೊರಗೋಡೆಯಲ್ಲಿ ಬಿಡುವ ತೂತು ಸಣ್ಣದು, ಒಳಗೋಡೆಯಲ್ಲಿ ಚಕ್ಕೆ ಎದ್ದದ್ದು ಹೆಚ್ಚು. ಈ ಮನೆಯ ಮೇಲೆ ಬಿದ್ದದ್ದು ಮುಖ್ಯವಾಗಿ ಬಂದೂಕಿನ ಗುಂಡು. ಸುಣ್ಣದ ಗೋಡೆಯ ತುಂಬ ಬಾಗಿಲು ಕಿಟಕಿಗಳ ಸುತ್ತ ದಟ್ಟವಾದ ಕಚ್ಚುಗಳು, ಕಣಜದ ಒಂದು ಭಾಗಕ್ಕೆ ಬೆಂಕಿಯ ಕಲೆ, ಬೆರಳೆಣಿಕೆಯ ತುಪಾಕಿ ಕಂಡಿಗಳು, ಮತ್ತು ಇಲ್ಲದ ಕದ. ಹೇಸರಗತ್ತೆ ದಾರಿತಪ್ಪಿದ್ದನ್ನು ಬಲ್ಲವನು ಗೋಡೆಯ ತುಂಬ ಕಂಡಿ ಕೊರೆಯುವುದಿಲ್ಲ. ಅವು ಬೇಕೆಂದರೆ ಊಗುಮೋಂ ಕಟ್ಟಬೇಕು.

ಮೂವತ್ತೈದರ ಅಳತೆಯ ಪಾಳುಮನೆಗಳನ್ನು ಇಂದು ಹೇರಳವಾಗಿ ತಯಾರಿಸುವ ಕಂಪನಿಗಳಲ್ಲಿ ಒಂದು ಮಿನಿಆರ್ಟ್. 2001ರಲ್ಲಿ ಶುರುವಾದ ಅದರ ಊರು ಉಕ್ರೇನಿನ ಕೀವ್. ಎರಡನೆಯ ಮಹಾಯುದ್ಧದ ಒಡೆದ ಮೂಲೆಮನೆ, ಮುರಿದ ಬೀದಿಗಳನ್ನು ಅಚ್ಚುಹಾಕುತ್ತಿದ್ದ ಆ ನಗರದ ಮೇಲೆ 2022ರ ಫೆಬ್ರವರಿಯಿಂದ ಕ್ಷಿಪಣಿಗಳು ಬೀಳುತ್ತಿವೆ. ಕಂಪನಿ ಇನ್ನೂ ಕಿಟ್‌ಗಳನ್ನು ಹೊರತರುತ್ತಲೇ ಇದೆ.

ಸೈಬೋರ್ನ್‌ನ ಪತ್ರಗಳ ಕಥೆ ಇನ್ನೊಂದಿದೆ. ಮೇಜರ್ ಜನರಲ್ ಆದ ಅವನ ಮಗ ಅವುಗಳಲ್ಲಿ ಆಯ್ದದ್ದನ್ನು 1891ರಲ್ಲಿ ಪುಸ್ತಕ ಮಾಡಿದ. ಮೂಲಗಳು ಬ್ರಿಟಿಷ್ ಲೈಬ್ರರಿ ಸೇರಿ ಆರು ಸಂಪುಟಗಳಾಗಿ ಕೂತವು; ಮಗ ಬಿಟ್ಟಿದ್ದವು 2004ರಲ್ಲಿ ಅಚ್ಚಾದವು. ವಾಟರ್ಲೂ ಬಗ್ಗೆ ಬರೆಯುವ ಯಾರೂ ಇಂದು ಅವನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಮಾದರಿಯ ಪಕ್ಕದಲ್ಲಿ ನಿಂತು ಬೊಂಬೆ ಎಣಿಸುವವರಿಗಿಂತ ಪತ್ರ ಓದುವವರೇ ಹೆಚ್ಚು. 2015ರಿಂದ ಊಗುಮೋಂ ತೋಟದಲ್ಲಿ ನಡೆದಿರುವ ಉತ್ಖನನದಲ್ಲಿ ಬಂದೂಕಿನ ಗುಂಡುಗಳು ಸಿಕ್ಕ ಜಾಗಗಳನ್ನು ಒಂದೊಂದಾಗಿ ಗುರುತು ಹಾಕಿಕೊಳ್ಳುತ್ತಿರುವ ಪುರಾತತ್ತ್ವಜ್ಞರೂ ಆ ಪತ್ರಗಳನ್ನು ಜೊತೆಗಿಟ್ಟು ತಾಳೆ ನೋಡಬೇಕಾಗುತ್ತದೆ. ಕುದುರೆ ದಂಡು ಬಂದದ್ದು ಏಕೆ ಕಾಣಲಿಲ್ಲ, ಕಾಲಾಳುಗಳು ಎಲ್ಲಿ ಅಡಗಿ ಮಲಗಿದ್ದರು ಎಂಬ ವಾದ ಬಂದಾಗಲೆಲ್ಲ ರೈ ಪೈರು ಎಷ್ಟು ಎತ್ತರವಿತ್ತು ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಕಾಳಗದಲ್ಲಿದ್ದವರ ಬಾಯಿಂದಲೇ ಉತ್ತರ ಉಳಿದಿರುವುದು, ಮಾದರಿಯ ಹೊಲಕ್ಕೆ ಏನು ಅಂಟಿಸಲಿ ಎಂದು ಸೈಬೋರ್ನ್ ಅವರನ್ನು ಕೇಳಿದ್ದರಿಂದ.